ಹೊಸ ಗಾಡಿ ಯಾವುದಾದರೂ ಚೆನ್ನಾಗೇ ಇರುತ್ತೆ

ಹೋದ ತಿಂಗಳು ಒಂದೇ ವಾರದಲ್ಲಿ ಒಂದೇ ಮಾದರಿಯ ಎರಡು ಎಸ್‌ಯುವಿ ಓಡಿಸಿದೆ. ಒಂದು ಶೋರೂಮಿನ ಟೆಸ್ಟ್ ಡ್ರೈವ್ ಗಾಡಿ, ಮೀಟರಿನಲ್ಲಿ 600 ಕಿಲೋಮೀಟರ್ ಕೂಡ ಆಗಿರಲಿಲ್ಲ. ಇನ್ನೊಂದು ನನ್ನ ಅಕ್ಕನ ಮಗನದು. ಎಂಟು ವರ್ಷ ಹಳೆಯದು, 1,40,000 ಕಿಲೋಮೀಟರ್ ಓಡಿದೆ. ಮೂತಿ, ದೀಪ, ಒಳಗಿನ ಸ್ಕ್ರೀನ್ ಬಿಟ್ಟರೆ ಎರಡೂ ಒಂದೇ. ಅದೇ ಎಂಜಿನ್, ಅದೇ ಗೇರ್‌ಬಾಕ್ಸ್, ಅಡಿಯಲ್ಲಿ ಅದೇ ಸಸ್ಪೆನ್ಷನ್.

ಓಡಿಸಿದಾಗ ಮಾತ್ರ ಅಣ್ಣ ತಮ್ಮ ಅನ್ನಿಸಲಿಲ್ಲ, ತಾತ ಮೊಮ್ಮಗ ಅನ್ನಿಸಿತು. ಹೊಸದು ಗುಂಡಿಗೆ ಇಳಿದರೆ ಒಂದು ಸಲ ಮೆತ್ತಗೆ ಕೂತು ಎದ್ದು ಸುಮ್ಮನಾಗುತ್ತಿತ್ತು. ಹಳೆಯದು ಅದೇ ಗುಂಡಿಯಲ್ಲಿ ಎರಡು ಮೂರು ಸಲ ತೂಗಾಡಿತು. ಬ್ರೇಕ್ ಹಾಕಿದರೆ ಸ್ಟೇರಿಂಗ್ ಸಣ್ಣಗೆ ನಡುಗುತ್ತಿತ್ತು. ನೇರ ರಸ್ತೆಯಲ್ಲೂ ಕೈ ಆಗಾಗ ತಿದ್ದುತ್ತಲೇ ಇರಬೇಕಿತ್ತು. ಜೊತೆಗೆ ಹಿಂದಿನ ಎಡಗಡೆಯಿಂದ ಒಂದು ಸದ್ದು. ಕಟ್ ಕಟ್, ಆಮೇಲೆ ಸ್ವಲ್ಪ ಹೊತ್ತು ಏನಿಲ್ಲ, ಮತ್ತೆ ಕಟ್.

"ಮಾವ, ಅದನ್ನ ಕೇಳಿಸ್ಕೋಬೇಡಿ. ಹಾಡಿನ ಸೌಂಡ್ ಜಾಸ್ತಿ ಮಾಡಿ, ನಿಂತು ಹೋಗುತ್ತೆ" ಅಂದ.

ನಾನು ಕೊಳ್ಳಬೇಕೆಂದು ನೋಡುತ್ತಿದ್ದದ್ದು ಆ ಮಾದರಿಯನ್ನೇ. ಮೂರು ನಾಲ್ಕು ಎಸ್‌ಯುವಿ ಓಡಿಸಿ ನೋಡಿ, ಯಾವುದರ ಸ್ಟೇರಿಂಗ್ ಹೇಗೆ, ಯಾವುದರ ಪಿಕಪ್ ಹೇಗೆ ಅಂತ ತೂಗಿ, ಮನಸ್ಸಿನಲ್ಲೇ ಅಂಕ ಕೊಟ್ಟುಕೊಂಡಿದ್ದೆ. ಅವನ ಗಾಡಿಯಿಂದ ಇಳಿದಾಗ ಆ ಅಂಕಗಳೆಲ್ಲ ಸ್ವಲ್ಪ ಪೆದ್ದು ಪೆದ್ದಾಗಿ ಕಂಡವು. 600 ಕಿಲೋಮೀಟರ್ ಓಡಿದ ಗಾಡಿ ನನ್ನ ಬಳಿ ಒಂದು ತಿಂಗಳೂ ಇರುವುದಿಲ್ಲ. ಆಮೇಲೆ ವರ್ಷಗಟ್ಟಲೆ ಓಡಿಸುವುದು ಅಕ್ಕನ ಮಗನದರಂಥ ಗಾಡಿಯನ್ನೇ. ಹಾಗಿದ್ದ ಮೇಲೆ ಟೆಸ್ಟ್ ಡ್ರೈವ್ ಯಾವುದರದು ಮಾಡಬೇಕು?

ಅಂದಿನಿಂದ ಒಂದು ಚಟ ಅಂಟಿಕೊಂಡಿದೆ. ಯಾರ ಬಳಿ ಹಳೇ ಎಸ್‌ಯುವಿ ಕಂಡರೂ "ಒಂದು ರೌಂಡ್ ಹೋಗಿಬರಲಾ?" ಅಂತ ಕೇಳುತ್ತೇನೆ. ಬಹಳ ಜನ ಖುಷಿಯಿಂದಲೇ ಕೀ ಕೊಡುತ್ತಾರೆ. ಪಕ್ಕದಲ್ಲಿ ಕೂತು ತಮ್ಮ ಗಾಡಿಯ ರೋಗಗಳನ್ನೆಲ್ಲ ಹೇಳಿಕೊಳ್ಳುತ್ತಾರೆ. ಡಾಕ್ಟರ ಕಂಡರೆ ಹೇಳಿಕೊಳ್ಳುತ್ತಾರಲ್ಲ, ಹಾಗೆ.

ನಾನು ಡ್ರೈವಿಂಗ್ ಕಲಿತದ್ದು ಅಪ್ಪನ ಡೀಸೆಲ್ ಗಾಡಿಯಲ್ಲಿ. ಅದು ಲ್ಯಾಡರ್ ಫ್ರೇಮ್ ಗಾಡಿ. ಅಂದರೆ ಕೆಳಗೆ ಏಣಿಯ ಹಾಗೆ ಎರಡು ಉದ್ದ ಉಕ್ಕಿನ ತೊಲೆ, ನಡುನಡುವೆ ಅಡ್ಡ ತೊಲೆ. ಎಂಜಿನ್ನು, ಗೇರ್‌ಬಾಕ್ಸು, ಚಕ್ರ ಎಲ್ಲ ಆ ಏಣಿಗೇ ಕಟ್ಟಿರುತ್ತವೆ. ನಾವು ಕೂರುವ ಡಬ್ಬಿಯನ್ನು ಮೇಲಿಂದ ಇಟ್ಟು, ನಡುವೆ ರಬ್ಬರ್ ಕೊಟ್ಟು ಬೋಲ್ಟ್ ಮಾಡಿರುತ್ತಾರೆ. ಓಡಿಸುವಾಗ ಇದು ಚೆನ್ನಾಗಿ ಗೊತ್ತಾಗುತ್ತದೆ. ಚಕ್ರ ಕಲ್ಲು ಹತ್ತಿದರೆ ಮೊದಲು ಏಣಿ ಅಲುಗುತ್ತದೆ, ಒಂದು ಕ್ಷಣ ಬಿಟ್ಟು ಡಬ್ಬಿ ಅಲುಗುತ್ತದೆ. ಡಬ್ಬಿಯೊಳಗಿನ ತಲೆಗಳು ಅದಕ್ಕೂ ಆಮೇಲೆ. ಹಿಂದಿನ ಎರಡು ಚಕ್ರ ಒಂದೇ ಗಟ್ಟಿ ಆಕ್ಸಲ್‌ಗೆ ಸಿಕ್ಕಿಕೊಂಡಿರುವುದರಿಂದ ಎಡಗಡೆಯ ಗುಂಡಿಯ ಸುದ್ದಿ ಬಲಗಡೆಗೂ ಮುಟ್ಟುತ್ತದೆ. ಸ್ಟೇರಿಂಗಿನಲ್ಲಿ ಮೂರು ಬೆರಳಷ್ಟು ಪ್ಲೇ ಇತ್ತು. ಅಷ್ಟು ತಿರುಗಿಸಿದ ಮೇಲೇ ಗಾಡಿಗೆ 'ಓ, ಇವನು ತಿರುಗಬೇಕು ಅಂತಿದ್ದಾನೆ' ಅಂತ ಗೊತ್ತಾಗುತ್ತಿದ್ದದ್ದು.

ಆದರೆ ಒಂದು ವಿಷಯ ಈಗ ಯೋಚಿಸಿದರೆ ತಮಾಷೆ ಅನ್ನಿಸುತ್ತದೆ. ಆ ಗಾಡಿ 50,000 ಕಿಲೋಮೀಟರಿನಲ್ಲಿ ಹೇಗಿತ್ತೋ 3,00,000 ದಾಟಿದಾಗಲೂ ಹೆಚ್ಚುಕಡಿಮೆ ಹಾಗೇ ಇತ್ತು. ಬುಶ್, ಅಂದರೆ ಕೀಲುಗಳ ನಡುವಿನ ರಬ್ಬರ್, ಹೋಗಿರಲಿಲ್ಲ ಅಂತೇನಲ್ಲ. ಖಂಡಿತ ಹೋಗಿದ್ದವು. ಮೊದಲೇ ಕುಲುಕುತ್ತಿದ್ದ ಗಾಡಿ ಇನ್ನಷ್ಟು ಕುಲುಕಿದರೆ ಯಾರಿಗೆ ತಿಳಿಯಬೇಕು? ಮೊದಲೇ ಗುಡುಗುಡು ಅನ್ನುವ ಎಂಜಿನ್ನಿನಲ್ಲಿ ಹೊಸ ಸದ್ದು ಸೇರಿದರೆ ಯಾರ ಕಿವಿಗೆ ಬೀಳಬೇಕು? ಹಳೇ ಕಾಲದ ಗಾಡಿಗಳಿಗೆ 'ಸಾಯೋದೇ ಇಲ್ಲ' ಅನ್ನುವ ಹೆಸರು ಬರಲು ಇದೂ ಒಂದು ಕಾರಣ ಅಂತ ನನ್ನ ಅನುಮಾನ. ಅವುಗಳಿಂದ ನಾವು ಜಾಸ್ತಿ ಏನನ್ನೂ ಕೇಳುತ್ತಿರಲಿಲ್ಲ. ಸ್ಟಾರ್ಟ್ ಆಗಬೇಕು, ಹತ್ತಬೇಕು, ನಿಲ್ಲಬೇಕು. ಅಷ್ಟು ಮಾಡಿದರೆ ಪಾಸು.

ಹಾಗಂತ ಆ ಹೆಸರು ಬರೀ ಸುಳ್ಳೇನಲ್ಲ. ಟೊಯೋಟಾದ ಲ್ಯಾಂಡ್ ಕ್ರೂಸರ್ 70 ಸರಣಿ 1984ರಲ್ಲಿ ಬಂದದ್ದು, ಇವತ್ತಿಗೂ ತಯಾರಾಗುತ್ತಿದೆ. ಅದಕ್ಕೆ 1990ರಿಂದ ಹಾಕುತ್ತ ಬಂದ ಒನ್ ಎಚ್‌ಝಡ್ ಎಂಬ ಎಂಜಿನ್ನನ್ನು ನೋಡಿ. 4.2 ಲೀಟರ್, ಆರು ಸಿಲಿಂಡರ್, ಡೀಸೆಲ್. ಗಾಳಿಯನ್ನು ಒತ್ತಿ ತುಂಬಿ ಶಕ್ತಿ ಹೆಚ್ಚಿಸುವ ಟರ್ಬೊ ಇಲ್ಲ. ಅಷ್ಟು ದೊಡ್ಡ ಎಂಜಿನ್ನಿನಿಂದ ಅವರು ತೆಗೆಯುವ ಶಕ್ತಿ ಈಗಿನ ಸಣ್ಣ ಟರ್ಬೊ ಎಂಜಿನ್ನುಗಳ ಪಕ್ಕದಲ್ಲಿಟ್ಟರೆ ನಗು ಬರುವಷ್ಟು ಕಡಿಮೆ. ಬಾಳಿಕೆಯ ಗುಟ್ಟೂ ಅಲ್ಲೇ ಇದೆ. ಹತ್ತು ಮೂಟೆ ಹೊರಬಲ್ಲವನಿಗೆ ಮೂರು ಮೂಟೆ ಹೊರಿಸಿದ್ದಾರೆ. ಸಿಲಿಂಡರಿನೊಳಗಿನ ಒತ್ತಡ ಕಡಿಮೆ, ಬಿಸಿ ಕಡಿಮೆ, ಹಾಳಾಗುವ ಸಾಮಾನೂ ಕಡಿಮೆ. ಓಡಿಸಲು ಮಜಾ ಇದೆಯಾ ಅಂದರೆ, ಇಲ್ಲ. ಓವರ್‌ಟೇಕ್ ಮಾಡಬೇಕಾದರೆ ಮೊದಲೇ ಕೂತು ಪ್ಲಾನ್ ಮಾಡಬೇಕು.

ಏಣಿ ಬಿಟ್ಟು ಡಬ್ಬಿಯನ್ನೇ ಗಟ್ಟಿ ಮಾಡಿ ಅದಕ್ಕೇ ಎಲ್ಲ ಕಟ್ಟುವುದು ಮೊನೊಕಾಕ್. ಕಾರುಗಳಲ್ಲಿ ಇದು ಎಷ್ಟೋ ಮೊದಲೇ ಬಂದಿತ್ತು. ಕಾಡುಮೇಡು ಹತ್ತುವ ಗಾಡಿಗೆ ಆಗಿಬರುವುದಿಲ್ಲ ಅನ್ನುವ ನಂಬಿಕೆಯೂ ಜೊತೆಗೇ ಇತ್ತು. ಸೋವಿಯತ್ ಒಕ್ಕೂಟದ ಲಾಡಾ ನಿವಾ 1977ರಲ್ಲೇ ಆ ನಂಬಿಕೆಯನ್ನು ಮುರಿದಿತ್ತು. 1984ರ ಜೀಪ್ ಚೆರೋಕಿ ಇನ್ನಷ್ಟು ಮುರಿಯಿತು. 1994ರಲ್ಲಿ ಟೊಯೋಟಾ ರಾವ್4, ಮರುವರ್ಷ ಹೋಂಡಾ ಸಿಆರ್‌ವಿ ಬಂದಾಗ ಕಥೆ ಬೇರೆಯೇ ಆಯಿತು. ಇವು ಕಾರಿನ ಭಾಗಗಳನ್ನೇ ಇಟ್ಟುಕೊಂಡು ಎತ್ತರ ಮಾಡಿದ ಗಾಡಿಗಳು. ಸ್ಟೇರಿಂಗ್ ಹೇಳಿದ ಮಾತು ಕೇಳುತ್ತದೆ, ತಿರುವಿನಲ್ಲಿ ವಾಲುವುದು ಕಡಿಮೆ, ಹೊಟ್ಟೆ ತೊಳೆಸುವುದಿಲ್ಲ. ಇವತ್ತು ರಸ್ತೆಯಲ್ಲಿ ಕಾಣುವ ಎಸ್‌ಯುವಿಗಳಲ್ಲಿ ಮುಕ್ಕಾಲುಪಾಲು ಇವುಗಳ ಸಂತಾನವೇ.

ನಾನು ಸ್ವಂತ ದುಡ್ಡಿನಲ್ಲಿ ಕೊಂಡ ಮೊದಲ ಎಸ್‌ಯುವಿಯೂ ಈ ಜಾತಿಯದೇ. ಕಂಪನಿ ಹೆಸರು ಬೇಡ ಬಿಡಿ. ಸಣ್ಣ ಟರ್ಬೊ ಪೆಟ್ರೋಲ್ ಎಂಜಿನ್, ಎರಡು ಕ್ಲಚ್ ಇಟ್ಟುಕೊಂಡು ತಾನೇ ಗೇರ್ ಬದಲಿಸುವ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್. ಅಪ್ಪನ ಗಾಡಿಯ ನಂತರ ಇದು ಪಲ್ಲಕ್ಕಿಯಿಂದ ಇಳಿದು ಕುದುರೆ ಹತ್ತಿದ ಹಾಗಿತ್ತು. ಗೇರ್ ಬಿದ್ದದ್ದೇ ಗೊತ್ತಾಗುತ್ತಿರಲಿಲ್ಲ. ಬೆಟ್ಟದ ರಸ್ತೆಯಲ್ಲಿ ಕಾಲು ಒತ್ತಿದರೆ ಸಾಕು, ಬೆನ್ನನ್ನು ಸೀಟಿಗೆ ಅಂಟಿಸಿಕೊಂಡು ಏರುತ್ತಿತ್ತು. ಸುಮ್ನೆ ನೆಪ ಹುಡುಕಿಕೊಂಡು ಓಡಿಸಲು ಹೋಗುತ್ತಿದ್ದೆ.

ನಾಲ್ಕನೇ ವರ್ಷ ಮೊದಲ ಗೇರಿನಲ್ಲಿ ನಡುಕ ಶುರುವಾಯಿತು. ನಿಂತ ಗಾಡಿ ಹೊರಡುವಾಗ ಚಳಿ ಹಿಡಿದವರ ಹಾಗೆ ಗಡಗಡ. ಮೊದಲು ಟ್ರಾಫಿಕ್ಕಿನಲ್ಲಿ ಮಾತ್ರ, ಆಮೇಲೆ ಯಾವಾಗಲೂ. ಸರ್ವಿಸ್ ಸೆಂಟರಿನವರು ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದರು. ಮೂರು ವಾರ ಚೆನ್ನಾಗಿತ್ತು. ಮತ್ತೆ ಗಡಗಡ. ಕೊನೆಗೆ ಕ್ಲಚ್ ಸೆಟ್ ಪೂರ್ತಿ ಬದಲಾಯಿಸಬೇಕಾಯಿತು. ಬಿಲ್ ನೋಡಿದಾಗ ಆದ ಬೇಸರ ಒಂದು ಕಡೆ. ಅದಕ್ಕಿಂತ ಹೆಚ್ಚಾಗಿ ನಾನು ಆ ಗಾಡಿಯನ್ನು ನಂಬುವುದು ಬಿಟ್ಟೆ. ಸಿಗ್ನಲ್‌ನಲ್ಲಿ ನಿಂತಾಗಲೆಲ್ಲ ಈಗ ನಡುಗುತ್ತೋ ಇಲ್ವೋ ಅಂತ ಕಾಲಿನ ಬೆರಳು ಬಿಗಿಯುತ್ತಿತ್ತು. ನಂಬಿಕೆ ಹೋದ ಗಾಡಿಯಲ್ಲಿ ಪಿಕಪ್ ಇದ್ದರೆಷ್ಟು, ಬಿಟ್ಟರೆಷ್ಟು.

ಆದರೆ ನ್ಯಾಯವಾಗಿ ಹೇಳಬೇಕಲ್ವಾ? ಅರ್ಧ ತಪ್ಪು ನನ್ನದು. ಆ ಗೇರ್‌ಬಾಕ್ಸಿನಲ್ಲಿದ್ದದ್ದು ಒಣ ಕ್ಲಚ್. ತಂಪು ಮಾಡಲು ಎಣ್ಣೆ ಇಲ್ಲ. ಮ್ಯಾನ್ಯುಯಲ್ ಗಾಡಿಯಲ್ಲಿ ಕ್ಲಚ್ಚನ್ನು ಅರ್ಧ ಒತ್ತಿಕೊಂಡು ತೆವಳಿದರೆ ಏನಾಗುತ್ತದೋ ಇದರಲ್ಲೂ ಅದೇ ಆಗುತ್ತದೆ. ಒತ್ತುವುದು ನಮ್ಮ ಕಾಲಿನ ಬದಲು ಕಂಪ್ಯೂಟರ್, ಅಷ್ಟೇ. ಟ್ರಾಫಿಕ್ಕಿನಲ್ಲಿ ಬ್ರೇಕ್ ಮೇಲೆ ಕಾಲು ಅರೆಬರೆ ಇಟ್ಟು ಇರುವೆ ಹರಿದಂತೆ ಮುಂದೆ ಹೋಗುತ್ತಿದ್ದೆನಲ್ಲ, ಆಗೆಲ್ಲ ಒಳಗೆ ಕ್ಲಚ್ ಉಜ್ಜಿಕೊಂಡು ಬಿಸಿಯಾಗುತ್ತಿತ್ತು. ಮುಂದಿನ ಗಾಡಿ ಸ್ವಲ್ಪ ದೂರ ಹೋಗಲಿ ಅಂತ ಬಿಟ್ಟು, ಆಮೇಲೆ ಒಂದೇ ಸಲ ಹೋಗಿ ನಿಲ್ಲಬೇಕಿತ್ತು. ಇದನ್ನು ಕೊಡುವಾಗ ಯಾರೂ ಹೇಳಲಿಲ್ಲ. ಹೇಳಿದ್ದರೂ ಕೇಳುತ್ತಿದ್ದೆನೋ ಇಲ್ಲವೋ. ಇದೇ ಗಾಡಿ ದಿನವೂ ಹೆದ್ದಾರಿಯಲ್ಲಿ ಓಡುವವನ ಕೈಯಲ್ಲಿದ್ದರೆ, ಬಾಳಿಕೆಯ ವಿಷಯದಲ್ಲಿ ಅವನು ಬೇರೆಯದೇ ಕಥೆ ಹೇಳುತ್ತಿದ್ದನೇನೋ.

ಟಾರ್ಕ್ ಕನ್ವರ್ಟರ್ ಇರುವ ಹಳೇ ಪದ್ಧತಿಯ ಆಟೊಮ್ಯಾಟಿಕ್‌ನಲ್ಲಿ ಈ ತೆವಳಾಟ ಎಣ್ಣೆಯ ಮೂಲಕ ನಡೆಯುತ್ತದೆ. ಎಣ್ಣೆ ಎಣ್ಣೆಯನ್ನು ತಳ್ಳುತ್ತದೆ, ಲೋಹ ಉಜ್ಜುವುದಿಲ್ಲ. ಅದಕ್ಕೇ ಓಡಿಸುವಾಗ ಒಂದು ಸೋಮಾರಿತನ ಕಾಣುತ್ತದೆ. ಕಾಲು ಒತ್ತಿದ ಮೇಲೆ 'ಬಂದೆ ಬಂದೆ' ಅಂದು ಒಂದು ಕ್ಷಣ ಬಿಟ್ಟು ಹೊರಡುತ್ತದೆ. ಟೆಸ್ಟ್ ಡ್ರೈವಿನಲ್ಲಿ ನಾನು ಇದಕ್ಕೆ ಯಾವಾಗಲೂ ಅಂಕ ಕಡಿಮೆ ಕೊಟ್ಟಿದ್ದೆ. ಈಗ ಆ ಸೋಮಾರಿತನ ಕಂಡರೆ ಸ್ವಲ್ಪ ಪ್ರೀತಿಯೇ ಬರುತ್ತದೆ.

ಸಣ್ಣ ಟರ್ಬೊಗಳದೂ ಇದೇ ಪಾಡು. ಪೆಟ್ರೋಲನ್ನು ನೇರ ಸಿಲಿಂಡರಿಗೇ ಚಿಮ್ಮಿಸುವ ಎಂಜಿನ್ನುಗಳಲ್ಲಿ ಒಳಬರುವ ವಾಲ್ವ್‌ಗಳ ಮೇಲೆ ಪೆಟ್ರೋಲ್ ಬೀಳುವುದೇ ಇಲ್ಲ. ಮೊದಲೆಲ್ಲ ಪೆಟ್ರೋಲೇ ಅವನ್ನು ತೊಳೆಯುತ್ತಿತ್ತು. ಈಗ ತೊಳೆಯುವವರಿಲ್ಲದೆ ಮಸಿ ಕಟ್ಟುತ್ತದೆ. ಕೆಲವು ಎಂಜಿನ್ನುಗಳಲ್ಲಿ ಟೈಮಿಂಗ್ ಬೆಲ್ಟನ್ನು ಎಂಜಿನ್ ಆಯಿಲ್‌ನಲ್ಲೇ ಓಡಿಸುತ್ತಾರೆ. ಸದ್ದು ಕಡಿಮೆ, ಮೈಲೇಜೂ ಚೂರು ಜಾಸ್ತಿ. ಬೆಲ್ಟ್ ಹಳೆಯದಾದಾಗ ಅದರ ರಬ್ಬರ್ ಚೂರು ಆಯಿಲ್ ಜಾಲರಿಗೆ ಹೋಗಿ ಕೂತರೆ ಎಂಜಿನ್ನಿಗೇ ಆಯಿಲ್ ಸಿಗದೆ ಕಷ್ಟ. ಡೀಸೆಲ್ಲಿನವರು ನಗಬೇಕಿಲ್ಲ. ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇರುತ್ತಲ್ಲ, ಅದು ತನ್ನೊಳಗಿನ ಮಸಿ ಸುಟ್ಟುಕೊಳ್ಳಲು ಚೆನ್ನಾಗಿ ಬಿಸಿಯಾಗಬೇಕು. ದಿನಾ ಮೂರು ಕಿಲೋಮೀಟರ್ ಶಾಲೆಗೆ ಹೋಗಿ ಬರುವ ಗಾಡಿಯಲ್ಲಿ ಅದಕ್ಕೆ ಬಿಸಿಯಾಗುವ ಭಾಗ್ಯ ಎಲ್ಲಿಂದ?

ಬಾಳಿಕೆಯ ಸರ್ವೆಗಳ ಬಗ್ಗೆಯೂ ಒಂದು ಮಾತು. ಅಮೆರಿಕದ ಸಮೀಕ್ಷೆ ಕಂಪನಿ ಜೆ.ಡಿ. ಪವರ್ ಅವರ ಹೆಸರಾಂತ ಎರಡು ಸರ್ವೆಗಳಿವೆ. ಒಂದರಲ್ಲಿ ಕೊಂಡ ಮೊದಲ 90 ದಿನದ ತೊಂದರೆ ಕೇಳುತ್ತಾರೆ. ಇನ್ನೊಂದರಲ್ಲಿ ಮೂರು ವರ್ಷ ಹಳೆಯ ಗಾಡಿಗಳ ಮಾಲೀಕರನ್ನು ಕೇಳುತ್ತಾರೆ. ಲೆಕ್ಕ 100 ಗಾಡಿಗೆ ಎಷ್ಟು ತೊಂದರೆ ಅಂತ. ಫೋನಿನ ಬ್ಲೂಟೂತ್ ಸೇರಲಿಲ್ಲ ಅಂದರೂ ಒಂದು ತೊಂದರೆ, ಗೇರ್‌ಬಾಕ್ಸ್ ಕೈಕೊಟ್ಟರೂ ಒಂದು ತೊಂದರೆ. ನನ್ನ ಗಾಡಿ ಗಡಗಡ ಅನ್ನಲು ಶುರು ಮಾಡಿದ್ದು ನಾಲ್ಕನೇ ವರ್ಷ. ಮೂರನೇ ವರ್ಷ ಯಾರಾದರೂ ಕೇಳಿದ್ದರೆ ಬಾಯಿ ತುಂಬಾ ಹೊಗಳುತ್ತಿದ್ದೆ.

ಫೋರ್ ವೀಲ್ ಡ್ರೈವ್ ವಿಷಯಕ್ಕೆ ಬಂದರೆ ನನ್ನದೇ ಒಂದು ಪೆದ್ದುತನ ಹೇಳಬೇಕು. ಗೆಳೆಯನ ಲ್ಯಾಡರ್ ಫ್ರೇಮ್ ಗಾಡಿ ತಗೊಂಡು ಕೆಸರು ದಾರಿಯಲ್ಲಿ ಹೋಗಿದ್ದೆ. ಅಲ್ಲಿ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಫೋರ್ ಹೈ ಹಾಕಿದೆ, ಸರಿ. ಟಾರ್ ರಸ್ತೆಗೆ ಬಂದ ಮೇಲೆ ತೆಗೆಯುವುದು ಮರೆತೆ. ಪಾರ್ಕಿಂಗ್‌ನಲ್ಲಿ ತಿರುಗಿಸುವಾಗ ಗಾಡಿ ಯಾರೋ ಹಿಂದಿನಿಂದ ಹಿಡಿದುಕೊಂಡ ಹಾಗೆ ಜಗ್ಗಿತು. ಟೈರ್ ಕೀರ್ ಅಂದಿತು. ಆದದ್ದೇನೆಂದರೆ, ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಹೋಗಬೇಕು. ಆ ಗಾಡಿಯಲ್ಲಿ ಮುಂದಿನದಕ್ಕೂ ಹಿಂದಿನದಕ್ಕೂ ನಡುವೆ ವೇಗದ ವ್ಯತ್ಯಾಸಕ್ಕೆ ಬಿಟ್ಟುಕೊಡುವ ಡಿಫರೆನ್ಷಿಯಲ್ ಇಲ್ಲ, ಎರಡೂ ಒಂದೇ ವೇಗದಲ್ಲಿ ತಿರುಗಲೇಬೇಕು. ಕೆಸರಿನಲ್ಲಾದರೆ ಟೈರ್ ಜಾರಿ ಸರಿಹೋಗುತ್ತದೆ. ಒಣ ಟಾರಿನಲ್ಲಿ ಜಾರುವುದಿಲ್ಲ, ಒಳಗಿನ ಗೇರು ಶಾಫ್ಟುಗಳು ಹಗ್ಗ ಹುರಿಗೊಂಡ ಹಾಗೆ ಬಿಗಿಯುತ್ತವೆ. ಗೆಳೆಯನಿಗೆ ಇದನ್ನು ಹೇಳಿರಲಿಲ್ಲ. ಇದನ್ನು ಓದಿದರೆ ಗೊತ್ತಾಗುತ್ತದೆ.

1970ರ ರೇಂಜ್ ರೋವರ್, ಆಮೇಲೆ ನಿವಾ, ನಡುವೆ ಡಿಫರೆನ್ಷಿಯಲ್ ಇಟ್ಟು ಸದಾ ನಾಲ್ಕೂ ಚಕ್ರ ತಿರುಗಿಸಿ ಈ ರಗಳೆ ತಪ್ಪಿಸಿದವು. ಈಗಿನ ಮೊನೊಕಾಕ್ ಎಸ್‌ಯುವಿಗಳಲ್ಲಿ ಮೂರನೇ ದಾರಿ. ಸಾಮಾನ್ಯವಾಗಿ ಮುಂದಿನ ಚಕ್ರಗಳೇ ಎಳೆಯುತ್ತವೆ. ಅವು ಜಾರಿದರೆ ಕಂಪ್ಯೂಟರ್ ಒಂದು ಕ್ಲಚ್ ಒತ್ತಿ ಹಿಂದಿನವನ್ನೂ ಸೇರಿಸುತ್ತದೆ. ಮಳೆಯ ರಸ್ತೆಗೆ ಇದು ಬಹಳ ಚೆನ್ನಾಗಿದೆ, ಓಡಿಸುವವನಿಗೆ ಏನೂ ತಿಳಿಯುವುದೇ ಇಲ್ಲ. ಆಳದ ಮರಳಿನಲ್ಲಿ ಹತ್ತು ನಿಮಿಷ ಒದ್ದಾಡಿಸಿದರೆ ಆ ಕ್ಲಚ್ ಬಿಸಿಯಾಗಿ ನನಗಾಗಲ್ಲ ಅನ್ನುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಯಾರ ಗಮನಕ್ಕೂ ಬಾರದ್ದು. ಎರಡು ಟೈರ್ ಹೊಸದು, ಎರಡು ಸವೆದದ್ದು ಹಾಕಿಕೊಂಡು ಓಡಿಸುವುದು. ಸವೆದ ಟೈರಿನ ಸುತ್ತಳತೆ ಚಿಕ್ಕದು, ಅದು ಹೆಚ್ಚು ಸುತ್ತು ತಿರುಗುತ್ತದೆ. ನೇರ ರಸ್ತೆಯಲ್ಲೂ ಆ ಕ್ಲಚ್ಚಿಗೆ ಪುರುಸೊತ್ತಿರುವುದಿಲ್ಲ. ಉಳಿಸಿದ್ದು ಎರಡು ಟೈರ್, ಹೋದದ್ದು ಏನೇನೋ.

ಟೈರ್ ಅಂದ ಕೂಡಲೇ ಎಸ್‌ಯುವಿಗಳ ಚರಿತ್ರೆಯಲ್ಲೇ ದೊಡ್ಡ ಗಲಾಟೆ ನೆನಪಾಗುತ್ತದೆ. 2000ದ ಆಗಸ್ಟಿನಲ್ಲಿ ಅಮೆರಿಕದಲ್ಲಿ ಫೈರ್‌ಸ್ಟೋನ್ ಸುಮಾರು 65 ಲಕ್ಷ ಟೈರ್ ವಾಪಸ್ ಕರೆಯಿತು. ಅವುಗಳಲ್ಲಿ ಬಹಳಷ್ಟು ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳಲ್ಲಿದ್ದವು. ವೇಗವಾಗಿ ಹೋಗುವಾಗ ಟೈರಿನ ಮೇಲ್ಪದರ ಕಿತ್ತು, ಗಾಡಿ ಪಲ್ಟಿ ಹೊಡೆದು ಇನ್ನೂರಕ್ಕೂ ಹೆಚ್ಚು ಜನ ಸತ್ತಿದ್ದರು. ಟೈರ್ ಕಂಪನಿ ಗಾಡಿಯನ್ನು ಬೈಯಿತು, ಗಾಡಿ ಕಂಪನಿ ಟೈರನ್ನು ಬೈಯಿತು. ಆ ಜಗಳದಲ್ಲಿ ಒಂದು ಸಣ್ಣ ಸಂಖ್ಯೆ ನನ್ನನ್ನು ಬಹಳ ಕಾಡಿದೆ. ಫೋರ್ಡ್ ಹೇಳಿದ್ದ ಗಾಳಿಯ ಒತ್ತಡ 26 ಪಿಎಸ್‌ಐ. ಗಲಾಟೆ ಎದ್ದ ಮೇಲೆ ಫೈರ್‌ಸ್ಟೋನ್ 30 ಹಾಕಿ ಅಂದಿತು. ಗಾಳಿ ಕಡಿಮೆ ಇದ್ದರೆ ಗಾಡಿ ಮೆತ್ತಗೆ ಓಡುತ್ತದೆ, ಟೈರ್ ಹೆಚ್ಚು ಬಾಗುತ್ತದೆ, ಹೆಚ್ಚು ಬಿಸಿಯಾಗುತ್ತದೆ. ನಡುವೆ ನಾಲ್ಕೇ ಪಿಎಸ್‌ಐ. ಗಾಳಿ ಇಳಿದರೆ ಎಚ್ಚರಿಸುವ ದೀಪವನ್ನು ಅಮೆರಿಕ ಕಾನೂನು ಮಾಡಿ ಕಡ್ಡಾಯಗೊಳಿಸಿದ್ದು ಇದಾದ ಮೇಲೇ. ನನ್ನ ಗಾಡಿಯಲ್ಲಿ ಆ ಹಳದಿ ದೀಪ ಹತ್ತಿದಾಗ ಕಿರಿಕಿರಿ ಆಗುತ್ತಿತ್ತು. ಈಗ ಆಗುವುದಿಲ್ಲ.

ಪಲ್ಟಿಯ ಲೆಕ್ಕ ಅಷ್ಟೇನೂ ಕಷ್ಟದ್ದಲ್ಲ. ಎಡ ಬಲ ಚಕ್ರಗಳ ನಡುವಿನ ಅಗಲದ ಅರ್ಧ ತಗೊಳ್ಳಿ. ಗಾಡಿಯ ತೂಕದ ನಡುಬಿಂದು ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅದರಿಂದ ಭಾಗಿಸಿ. ಸಾಮಾನ್ಯ ಕಾರುಗಳಿಗೆ 1.3ರಿಂದ 1.5 ಬರುತ್ತದೆ, ಎತ್ತರದ ಎಸ್‌ಯುವಿಗಳಿಗೆ 1ರಿಂದ 1.3. ಸಂಖ್ಯೆ ಇಳಿದಷ್ಟೂ ಉರುಳುವುದು ಸುಲಭ. ನಮಗೆಲ್ಲ ಇಷ್ಟವಾಗುವ ಆ ಎತ್ತರದ ಸೀಟು ಈ ಲೆಕ್ಕದಲ್ಲಿ ವಿರುದ್ಧ ಪಕ್ಷದಲ್ಲಿ ಕೂತಿದೆ. ಜಾರಲು ಶುರುವಾದ ಕೂಡಲೇ ಒಂದೊಂದು ಚಕ್ರಕ್ಕೆ ಬೇರೆ ಬೇರೆ ಬ್ರೇಕ್ ಹಾಕಿ ಗಾಡಿಯನ್ನು ನೇರ ಮಾಡುವ ಇಎಸ್‌ಸಿ ಬಂದ ಮೇಲೆ ಪರಿಸ್ಥಿತಿ ಎಷ್ಟೋ ಸುಧಾರಿಸಿದೆ. ಹಳೇ ಎಸ್‌ಯುವಿ ಕೊಳ್ಳುವವರು ಸನ್‌ರೂಫ್ ಇದೆಯಾ ಅಂತ ಕೇಳುವ ಮೊದಲು ಇದನ್ನು ಕೇಳಲಿ ಅಂತ ನನ್ನ ಆಸೆ.

ನಾನು ಓಡಿಸಿದ ಹಳೇ ಗಾಡಿಗಳಲ್ಲಿ ನನ್ನ ಲೆಕ್ಕಾಚಾರವನ್ನೆಲ್ಲ ತಲೆಕೆಳಗು ಮಾಡಿದ್ದು ಒಂದು ಹೈಬ್ರಿಡ್. ಸಹೋದ್ಯೋಗಿಯೊಬ್ಬರದು, 2,10,000 ಕಿಲೋಮೀಟರ್ ಓಡಿದ ಟೊಯೋಟಾ. ಎಂಜಿನ್ನು, ಎರಡು ಮೋಟರು, ದೊಡ್ಡ ಬ್ಯಾಟರಿ, ಇಷ್ಟೆಲ್ಲ ತುಂಬಿಕೊಂಡದ್ದು ಇಷ್ಟು ಹೊತ್ತಿಗೆ ಕೆಟ್ಟು ಕೂತಿರಬೇಕು ಅಂದುಕೊಂಡು ಹತ್ತಿದೆ. ಹೊಸದರ ಹಾಗೆ ಓಡಿತು. ಇಳಿದು ಬಂದು ಅದರ ಗೇರ್‌ಬಾಕ್ಸ್ ಹೇಗಿದೆ ಅಂತ ಕೂತು ಓದಿದೆ. 1997ರ ಪ್ರಿಯಸ್ ಎಂಬ ಹೈಬ್ರಿಡ್ ಕಾರಿನಿಂದ ಟೊಯೋಟಾ ಬೆಳೆಸಿಕೊಂಡು ಬಂದ ಆ ಪೆಟ್ಟಿಗೆಯಲ್ಲಿ ಗೇರ್ ಬದಲಾಗುವುದೇ ಇಲ್ಲ. ನಡುವೆ ಒಂದು ಹಲ್ಲಿನ ಚಕ್ರ, ಸುತ್ತ ಸಣ್ಣ ಚಕ್ರಗಳು, ಹೊರಗೆ ಒಂದು ಬಳೆ. ಇವು ಯಾವಾಗಲೂ ಒಂದಕ್ಕೊಂದು ಕಚ್ಚಿಕೊಂಡೇ ಇರುತ್ತವೆ. ಮೋಟರುಗಳ ವೇಗ ಬದಲಾದರೆ ಗೇರ್ ಬದಲಾದ ಹಾಗೆ. ಸವೆಯುವ ಕ್ಲಚ್ಚಿಲ್ಲ, ಸಿವಿಟಿ ಅನ್ನುವ ಆಟೊಮ್ಯಾಟಿಕ್‌ನಲ್ಲಿರುವಂಥ ಬೆಲ್ಟಿಲ್ಲ, ಬೇರೆ ಸ್ಟಾರ್ಟರ್ ಮೋಟರಿಲ್ಲ, ಆಲ್ಟರ್ನೇಟರಿಲ್ಲ. ಬ್ರೇಕ್ ಪ್ಯಾಡ್ ಕೂಡ ನಿಧಾನ ಸವೆಯುತ್ತದೆ, ಅರ್ಧ ಕೆಲಸ ಮೋಟರೇ ಮಾಡುವುದರಿಂದ. ಹೊರಗಿನಿಂದ ಗೋಜಲು ಕಂಡದ್ದು ಒಳಗೆ ಸರಳವಾಗಿತ್ತು. ನನ್ನ ಹಳೇ ಟರ್ಬೊ ಗಾಡಿಯಲ್ಲಿ ಇದು ಉಲ್ಟಾ.

ಓಡಿಸುವ ಖುಷಿ? ಊರೊಳಗೆ ಬಲು ಹಿತ. ಏರು ರಸ್ತೆಯಲ್ಲಿ ಕಾಲು ಒತ್ತಿದರೆ ಎಂಜಿನ್ನು ಒಂದೇ ಸ್ವರ ಹಿಡಿದು ಕಿರುಚುತ್ತದೆ, ವೇಗ ನಿಧಾನವಾಗಿ ಹಿಂದಿನಿಂದ ಬರುತ್ತದೆ. ನನಗೆ ಇದು ಇಷ್ಟವಾಗಲಿಲ್ಲ. ಒಂದು ಎಚ್ಚರ ಹೇಳಿದರು ಅವರು. ಹಿಂದಿನ ಸೀಟಿನ ಹತ್ತಿರ ಬ್ಯಾಟರಿ ತಂಪು ಮಾಡುವ ಫ್ಯಾನಿನ ಕಿಂಡಿ ಇದೆ. ಅದಕ್ಕೆ ಧೂಳು, ನಾಯಿ ಕೂದಲು ತುಂಬಿ, ಬ್ಯಾಟರಿ ಬಿಸಿಯಾಗಿ ಆಯುಸ್ಸು ಕಳೆದುಕೊಳ್ಳುತ್ತದಂತೆ. ಅದರ ಜಾಲರಿಯನ್ನು ಆಗಾಗ ಬ್ರಶ್ ಮಾಡಿದರೆ ಸಾಕು. ಅವರು ಮಾಡುತ್ತಿದ್ದರು.

ಎಲೆಕ್ಟ್ರಿಕ್ ಎಸ್‌ಯುವಿಗಳನ್ನು ಹಳೆಯದಾಗಿಸಿಕೊಂಡವರು ನನಗೆ ಹೆಚ್ಚು ಸಿಕ್ಕಿಲ್ಲ. ಸಿಕ್ಕ ಒಂದು ಗಾಡಿ ಅಷ್ಟು ತೂಕವಿದ್ದರೂ ತಿರುವಿನಲ್ಲಿ ನೆಲಕ್ಕೆ ಅಂಟಿಕೊಂಡಿತ್ತು, ಬ್ಯಾಟರಿ ಎಲ್ಲ ತಳದಲ್ಲೇ ಇರುವುದರಿಂದ. ಅದೇ ತೂಕ ಟೈರನ್ನೂ ಬುಶ್‌ಗಳನ್ನೂ ತಿಂದಿತ್ತು. ಒಂದು ದಿನ ಗಾಡಿ ಎಚ್ಚರವೇ ಆಗಲಿಲ್ಲವಂತೆ. ದೊಡ್ಡ ಬ್ಯಾಟರಿ ತುಂಬಿತ್ತು, ಮೂಲೆಯಲ್ಲಿದ್ದ 12 ವೋಲ್ಟಿನ ಸಣ್ಣ ಬ್ಯಾಟರಿ ಸತ್ತಿತ್ತು. ಕಂಪ್ಯೂಟರುಗಳನ್ನು ಎಬ್ಬಿಸುವುದು ಅದೇ.

ಇಷ್ಟೆಲ್ಲ ಗಾಡಿ ಸುತ್ತಿದ ಮೇಲೆ ನನ್ನ ಗಮನ ಎಂಜಿನ್ನಿನಿಂದ ಕೆಳಗಿಳಿದು ರಬ್ಬರಿನ ಮೇಲೆ ಬಂದು ನಿಂತಿದೆ. ಹೊಸ ಗಾಡಿಗೂ ಹಳೇ ಗಾಡಿಗೂ ಕೈಗೆ ಸಿಗುವ ವ್ಯತ್ಯಾಸದಲ್ಲಿ ಹೆಚ್ಚಿನ ಪಾಲು ಮುಷ್ಟಿಗಿಂತ ಚಿಕ್ಕ ರಬ್ಬರ್ ತುಂಡುಗಳದು. ಚಕ್ರವನ್ನು ಗಾಡಿಗೆ ಕೂಡಿಸುವ ಲೋವರ್ ಆರ್ಮ್‌ನ ಬುಶ್, ಎಂಜಿನ್ ಮೌಂಟಿಂಗ್, ಶಾಕ್ ಅಬ್ಸಾರ್ಬರಿನ ತಲೆಯ ರಬ್ಬರ್. ಇವು ಒಂದೇ ದಿನ ಕೆಡುವುದಿಲ್ಲ. ದಿನಕ್ಕೊಂದಿಷ್ಟು ಗಟ್ಟಿಯಾಗಿ, ಸೀಳಿ, ಸಡಿಲವಾಗುತ್ತವೆ. ನಮ್ಮ ಕೈಯೂ ದಿನಕ್ಕೊಂದಿಷ್ಟು ಹೊಂದಿಕೊಳ್ಳುತ್ತದೆ. ಕೊನೆಗೆ ಗಾಡಿ ಹಳೆಯದಾಯ್ತು, ಮಾರಿಬಿಡೋಣ ಅಂತೇವೆ.

ಅಕ್ಕನ ಮಗ ಅಂದದ್ದೂ ಅದನ್ನೇ. "ಮಾವ, ಎಂಟು ವರ್ಷ ಆಯ್ತು. ಇದನ್ನ ಕೊಟ್ಟು ನಾನೂ ಹೊಸದೇ ತಗೋತೀನಿ."

"ತಡಿಯೋ, ಮೊದಲು ಕೆಳಗಡೆ ಏನಾಗಿದೆ ನೋಡಿಸು" ಅಂದೆ.

ಮೆಕ್ಯಾನಿಕ್ ಗಾಡಿ ಎತ್ತಿ, ಲೋವರ್ ಆರ್ಮ್ ಸಂದಿಗೆ ಕಬ್ಬಿಣದ ಸಲಾಕಿ ತೂರಿಸಿ ಮೀಟಿದ. ಬುಶ್ ಬಾಯಿ ಬಿಟ್ಟಿತು. ಎರಡು ಕಡೆ ಆರ್ಮ್ ಬುಶ್, ಲಿಂಕ್ ರಾಡ್, ನಾಲ್ಕು ಶಾಕ್ ಅಬ್ಸಾರ್ಬರ್, ಮುಂದಿನ ಬ್ರೇಕ್ ಡಿಸ್ಕ್ ಬದಲಾದವು. ಅಲೈನ್‌ಮೆಂಟ್ ಮಾಡಿಸಿದೆವು. ಗಾಳಿ ಎಷ್ಟಿರಬೇಕೆಂದು ಬಾಗಿಲಿನ ಚೌಕಟ್ಟಿನ ಮೇಲಿನ ಚೀಟಿ ಓದಿ ಅಷ್ಟೇ ಹಾಕಿಸಿದೆವು. ಎಂಟು ವರ್ಷದಲ್ಲಿ ಆ ಚೀಟಿ ಓದಿದ್ದು ಅದೇ ಮೊದಲು ಅಂತ ಅವನು ಒಪ್ಪಿಕೊಂಡ.

ಮತ್ತೆ ಅದೇ ರಸ್ತೆಗೆ ಹೋದೆವು. ಈ ಸಲ ಅವನು ಸ್ಟೇರಿಂಗ್ ಹಿಡಿದಿದ್ದ. ಅದೇ ಗುಂಡಿ ಬಂತು. ಗಾಡಿ ಒಂದು ಸಲ ಕೂತು, ಎದ್ದು, ಸುಮ್ಮನಾಯಿತು. ಬ್ರೇಕ್ ಹಾಕಿದ, ನಡುಕವಿಲ್ಲ. ಅವನು ಏನೂ ಮಾತಾಡಲಿಲ್ಲ. ಸ್ವಲ್ಪ ದೂರ ಹೋಗಿ ಗಾಡಿ ತಿರುಗಿಸಿಕೊಂಡು ಬಂದು ಅದೇ ಗುಂಡಿಗೆ ಇನ್ನೊಮ್ಮೆ ಇಳಿಸಿದ.

ಆಗ ಹಿಂದಿನಿಂದ ಬಂತು. ಕಟ್ ಕಟ್.

ಗಾಡಿ ನಿಲ್ಲಿಸಿ ಡಿಕ್ಕಿ ತೆರೆದೆವು. ತಳದ ಹಲಗೆ ಎತ್ತಿ ನೋಡಿದರೆ ಜ್ಯಾಕಿನ ಹ್ಯಾಂಡಲ್ ತನ್ನ ಕ್ಲಿಪ್ಪಿನಿಂದ ಕಳಚಿಕೊಂಡು ಎಡಗಡೆಯ ತಗಡಿಗೆ ಒರಗಿ ಮಲಗಿತ್ತು. ಗಾಜು ಒರೆಸುವ ಬಟ್ಟೆಯಲ್ಲಿ ಅದನ್ನು ಸುತ್ತಿ ಒತ್ತಿಟ್ಟೆ. ಹೊರಟೆವು. ಸದ್ದು ನಿಂತಿತು. ಎಂಟು ವರ್ಷದ ಗಾಡಿಯೊಳಗೆ ಅಷ್ಟು ನಿಶ್ಶಬ್ದ ಇಬ್ಬರಿಗೂ ಹೊಸದು.

ಒಂದು ಕಿಲೋಮೀಟರ್ ಹೋಗಿರಬಹುದು. ಅವನು ಸ್ಟೀರಿಯೊ ಕಡೆ ಕೈ ಚಾಚಿದವನು ಅರ್ಧದಲ್ಲೇ ನಿಲ್ಲಿಸಿ ನನ್ನ ಮುಖ ನೋಡಿದ.

"ಮಾವ, ಮುಂದೆ ಬಲಗಡೆ ಏನೋ ಕಿರ್ ಅಂತಿದೆ, ಅಲ್ವಾ?"